ಚಿಪ್ ಕೊರತೆ ನಿಜವೇ, ನಾಟಕವೇ? ಕೊರೊನಾ ಕಾಲ ಕಾರು ಉದ್ಯಮಕ್ಕೆ ಕಲಿಸಿದ ಪಾಠ

‘ಚಿಪ್ ಕೊರತೆ ಅನ್ನೋದೆಲ್ಲ ನಾಟಕ. ಕಾರಿನ ಬೆಲೆ ಏರಿಸೋಕೆ ಕಂಪನಿಗಳು ಸೇರಿ ಕಟ್ಟಿದ ಕಥೆ.’ ಕೊರೊನಾ ಕಾಲದಲ್ಲಿ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾದವರ ಬಾಯಲ್ಲಿ ಈ ಮಾತು ಸಾಮಾನ್ಯವಾಗಿತ್ತು. ಅದಕ್ಕೂ ಮೊದಲು, 2020ರ ಲಾಕ್‌ಡೌನ್ ದಿನಗಳಲ್ಲಿ, ಇನ್ನೆರಡು ಮಾತುಗಳು ಹರಿದಾಡಿದ್ದವು. ‘ಎಲ್ಲರಿಗೂ ವರ್ಕ್ ಫ್ರಮ್ ಹೋಮ್, ಇನ್ನು ಕಾರು ಯಾರಿಗೆ ಬೇಕು? ಈ ಉದ್ಯಮದ ಕಥೆ ಮುಗಿಯಿತು’ ಎಂಬುದು ಒಂದು. ‘ಬಸ್ಸು ಹತ್ತಲು ಜನ ಹೆದರುತ್ತಾರೆ, ಇನ್ನು ಮನೆಗೊಂದು ಕಾರು ಬರುತ್ತದೆ’ ಎಂಬುದು ಅದಕ್ಕೆ ತದ್ವಿರುದ್ಧವಾದ ಇನ್ನೊಂದು.

ಈ ಮೂರು ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಒಂದು ಸಾಂಕ್ರಾಮಿಕ ರೋಗ ಕಾರು ಉದ್ಯಮವನ್ನು ಹೇಗೆ ಅಲುಗಾಡಿಸಿತು, ಅದರ ಬಿಸಿ ಯಾರಿಗೆ ಹೆಚ್ಚು ತಟ್ಟಿತು, ಮುಂದಿನ ದಾರಿ ಏನು? ಒಂದೊಂದಾಗಿ ನೋಡೋಣ.

ಮಾರಾಟ ಸೊನ್ನೆಯಾದ ತಿಂಗಳು

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಶುರುವಾಯಿತು. ಏಪ್ರಿಲ್ ತಿಂಗಳಿಡೀ ನಮ್ಮ ಅತಿದೊಡ್ಡ ಕಾರು ಕಂಪನಿ ಮಾರುತಿ ಸುಜುಕಿ ದೇಶದೊಳಗೆ ಒಂದೇ ಒಂದು ಕಾರನ್ನೂ ಮಾರಲಿಲ್ಲ. 632 ಕಾರುಗಳನ್ನು ಹೊರದೇಶಗಳಿಗೆ ಕಳಿಸಿದ್ದಷ್ಟೇ ಆ ತಿಂಗಳ ವ್ಯವಹಾರ. ಪ್ರಪಂಚದ ಲೆಕ್ಕವೂ ಹೀಗೆಯೇ ಕುಸಿಯಿತು. 2019ರಲ್ಲಿ ಸುಮಾರು 9.2 ಕೋಟಿ ವಾಹನಗಳು ತಯಾರಾಗಿದ್ದರೆ, 2020ರಲ್ಲಿ ಆ ಸಂಖ್ಯೆ 7.8 ಕೋಟಿಗೆ ಇಳಿಯಿತು.

ಆದರೆ ಎಲ್ಲ ತಪ್ಪನ್ನೂ ವೈರಸ್ ಮೇಲೆ ಹೊರಿಸುವಂತಿಲ್ಲ. ಭಾರತದಲ್ಲಿ 2018-19ರಲ್ಲಿ 33.77 ಲಕ್ಷ ಪ್ರಯಾಣಿಕ ವಾಹನಗಳು (ಕಾರು, ಎಸ್‌ಯುವಿ, ವ್ಯಾನ್ ಸೇರಿ) ಮಾರಾಟವಾಗಿದ್ದವು. 2019-20ರಲ್ಲಿ ಅದು 27.74 ಲಕ್ಷಕ್ಕೆ ಬಿತ್ತು. ಆ ವರ್ಷದಲ್ಲಿ ಲಾಕ್‌ಡೌನ್ ಇದ್ದದ್ದು ಕೊನೆಯ ಒಂದು ವಾರ ಮಾತ್ರ! ಸಾಲ ಕೊಡುವ ಹಣಕಾಸು ಸಂಸ್ಥೆಗಳು ಬಿಗಿ ಹಿಡಿದದ್ದು, ಹೊಸ ವಾಹನಕ್ಕೆ ಹಲವು ವರ್ಷದ ವಿಮೆಯನ್ನು ಒಟ್ಟಿಗೆ ಕಟ್ಟಬೇಕಾಗಿ ಬಂದದ್ದು, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದದ್ದು, ಇವೆಲ್ಲ ಮೊದಲೇ ಪೆಟ್ಟು ಕೊಟ್ಟಿದ್ದವು. ಜ್ವರ ಬಂದಿದ್ದ ಉದ್ಯಮಕ್ಕೆ ಕೊರೊನಾ ಬಂದು ಹಾಸಿಗೆ ಹಿಡಿಸಿತು ಅಷ್ಟೇ.

ಎರಡನೇ ಅಲೆಯಲ್ಲಿ ಕಾರ್ಖಾನೆಗಳು ಬೇರೆಯದೇ ಕಾರಣಕ್ಕೆ ನಿಂತವು. ಕಾರು ತಯಾರಿಕೆಯಲ್ಲೂ, ಬಿಡಿಭಾಗಗಳ ತಯಾರಿಕೆಯಲ್ಲೂ ಆಮ್ಲಜನಕ ಬಳಕೆಯಾಗುತ್ತದೆ. ಆಸ್ಪತ್ರೆಗಳಲ್ಲಿ ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಆ ಆಮ್ಲಜನಕ ರೋಗಿಗಳಿಗೆ ಸಿಗಲೆಂದು ಮಾರುತಿ ಸುಜುಕಿ ಜೂನ್‌ನಲ್ಲಿ ಮಾಡಬೇಕಿದ್ದ ವಾರ್ಷಿಕ ದುರಸ್ತಿ ರಜೆಯನ್ನು 2021ರ ಮೇ ಆರಂಭಕ್ಕೇ ಎಳೆದುಕೊಂಡಿತು.

ಚಿಪ್ ಹೋದದ್ದೆಲ್ಲಿಗೆ?

ಇಂದಿನ ಕಾರು ಅರ್ಧ ಯಂತ್ರ, ಅರ್ಧ ಕಂಪ್ಯೂಟರ್. ಎಂಜಿನ್ ನಿಯಂತ್ರಣ, ಬ್ರೇಕ್, ಏರ್‌ಬ್ಯಾಗ್, ಪವರ್ ವಿಂಡೋ, ಟಚ್‌ಸ್ಕ್ರೀನ್ ಎಲ್ಲಕ್ಕೂ ಚಿಪ್ ಬೇಕು. ಒಂದು ಆಧುನಿಕ ಕಾರಿನಲ್ಲಿ ಸಾವಿರಕ್ಕೂ ಹೆಚ್ಚು ಚಿಪ್‌ಗಳು ಇರಬಹುದು.

ಇಷ್ಟೆಲ್ಲ ಬೇಕಾದರೂ ಕಂಪನಿಗಳು ಇವನ್ನು ಗೋದಾಮಿನಲ್ಲಿ ತುಂಬಿಟ್ಟುಕೊಳ್ಳುವುದಿಲ್ಲ. ಜಪಾನಿನ ಟೊಯೋಟಾ ಕಂಪನಿಯಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ರೂಪಿಸಿದ ‘ಜಸ್ಟ್ ಇನ್ ಟೈಮ್’ ಪದ್ಧತಿಯನ್ನು ಜಗತ್ತಿನ ಕಾರು ಕಂಪನಿಗಳೆಲ್ಲ ಅನುಸರಿಸುತ್ತವೆ. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಯ ಸುತ್ತಲೇ ಬಿಡಿಭಾಗ ಮಾಡುವ ಕಂಪನಿಗಳು ನೆಲೆಯೂರಿರುವುದಕ್ಕೆ ಇದೂ ಒಂದು ಕಾರಣ. ಹಣ ಉಳಿಯುತ್ತದೆ, ಜಾಗ ಉಳಿಯುತ್ತದೆ. ಆದರೆ ಸರಪಳಿಯ ಒಂದು ಕೊಂಡಿ ಕಳಚಿದರೂ ಇಡೀ ಸಾಲು ನಿಲ್ಲುತ್ತದೆ.

2020ರ ಆರಂಭದಲ್ಲಿ ಮಾರಾಟ ನಿಂತಿತು. ಕಾರು ಕಂಪನಿಗಳು ಚಿಪ್ ಆರ್ಡರ್‌ಗಳನ್ನು ರದ್ದು ಮಾಡಿದವು. ಅದೇ ಹೊತ್ತಿಗೆ ಮನೆಮನೆಯಲ್ಲೂ ಲ್ಯಾಪ್‌ಟಾಪ್, ಮೊಬೈಲ್, ಆನ್‌ಲೈನ್ ಕ್ಲಾಸು. ಚಿಪ್ ತಯಾರಕರು ತಮ್ಮ ಯಂತ್ರಗಳನ್ನು ಆ ಕಡೆಗೆ ತಿರುಗಿಸಿದರು. ಕೆಲವೇ ತಿಂಗಳಲ್ಲಿ ಕಾರಿಗೆ ಬೇಡಿಕೆ ಮರಳಿತು, ಆದರೆ ಅಷ್ಟರಲ್ಲಿ ಸಾಲಿನಲ್ಲಿ ಬೇರೆಯವರು ನಿಂತಿದ್ದರು.

ನಾವು ಹಾಲಿನವನಿಗೆ ‘ನಾಳೆಯಿಂದ ಬೇಡ’ ಅಂದು, ಎರಡು ತಿಂಗಳು ಬಿಟ್ಟು ‘ಮತ್ತೆ ಹಾಕಪ್ಪ’ ಅಂದರೆ ಏನಾಗುತ್ತದೆ? ನಮ್ಮ ಪಾಲಿನ ಹಾಲು ಆಗಲೇ ಪಕ್ಕದ ಹೋಟೆಲಿಗೆ ಗೊತ್ತಾಗಿರುತ್ತದೆ. ಇನ್ನೊಂದು ಎಮ್ಮೆ ಕಟ್ಟೋಣವೆಂದರೆ ಅದು ಕರು ಹಾಕಿ ಹಾಲು ಕೊಡುವವರೆಗೆ ಕಾಯಬೇಕು. ಚಿಪ್ಪಿನ ಕಥೆಯೂ ಇದೇ. ಒಂದು ಸಿಲಿಕಾನ್ ಬಿಲ್ಲೆ ನೂರಾರು ಹಂತಗಳನ್ನು ದಾಟಿ ಚಿಪ್ ಆಗಲು ಮೂರು ತಿಂಗಳ ಆಸುಪಾಸು ಬೇಕು. ಹೊಸ ಕಾರ್ಖಾನೆ ಕಟ್ಟಲು ಎರಡು-ಮೂರು ವರ್ಷ, ಸಾವಿರಾರು ಕೋಟಿ ರೂಪಾಯಿ ಬೇಕು. ಅದರಲ್ಲೂ ಕಾರಿಗೆ ಬೇಕಾಗುವುದು ಹೆಚ್ಚಾಗಿ ಹಳೆಯ ತಂತ್ರಜ್ಞಾನದ, ಕಡಿಮೆ ಬೆಲೆಯ ಚಿಪ್. ಅದಕ್ಕಾಗಿ ಹೊಸ ಬಂಡವಾಳ ಹಾಕಲು ಯಾರಿಗೂ ಅಷ್ಟು ಉತ್ಸಾಹವಿರಲಿಲ್ಲ.

ಸಾಲದ್ದಕ್ಕೆ ಅವಘಡಗಳ ಸಾಲೇ ಬಂತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಯಿಂದ ಕರೆಂಟು ಹೋಗಿ ಚಿಪ್ ಕಾರ್ಖಾನೆಗಳು ನಿಂತವು. ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರಿನ ಚಿಪ್‌ಗಳಿಗೆ ಅದು ಮುಖ್ಯ ಮೂಲ. ವರ್ಷದ ಮಧ್ಯದಲ್ಲಿ, ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ನಡೆಯುವ ಮಲೇಷ್ಯಾದಲ್ಲಿ ಕೊರೊನಾ ಲಾಕ್‌ಡೌನ್ ಆಯಿತು.

ಹಾಗಾದರೆ ನಾಟಕ ಅಲ್ಲವೇ?

ಕೊರತೆ ನಾಟಕವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ತನ್ನ ಉತ್ಪಾದನೆ ಮಾಮೂಲಿಯ ಶೇ. 40ರಷ್ಟು ಮಾತ್ರ ಇರಬಹುದು ಎಂದು ಮಾರುತಿ ಸುಜುಕಿಯೇ ಹೇಳಿತ್ತು. ಅದೇ ತಿಂಗಳು ಟೊಯೋಟಾ ಜಗತ್ತಿನಾದ್ಯಂತ ತನ್ನ ಉತ್ಪಾದನಾ ಯೋಜನೆಯನ್ನು ಶೇ. 40ರಷ್ಟು ಕಡಿತ ಮಾಡಿತು. ಚಿಪ್ ಕೊರತೆಯಿಂದ 2021ರಲ್ಲಿ 77 ಲಕ್ಷ ವಾಹನಗಳ ಉತ್ಪಾದನೆ ತಪ್ಪಲಿದೆ ಎಂದು ಅಲಿಕ್ಸ್‌ಪಾರ್ಟ್‌ನರ್ಸ್ ಎಂಬ ಸಲಹಾ ಸಂಸ್ಥೆ ಅಂದಾಜಿಸಿತು. 2022ರ ಅಕ್ಟೋಬರ್‌ನಲ್ಲೂ ಟೊಯೋಟಾ ಜಪಾನಿನಲ್ಲಿ ಎರಡು ಸ್ಮಾರ್ಟ್ ಕೀ ಬದಲು ಒಂದು ಸ್ಮಾರ್ಟ್ ಕೀ, ಒಂದು ಮಾಮೂಲಿ ಕೀ ಕೊಡುವ ಸ್ಥಿತಿಗೆ ಬಂದಿತ್ತು. ಬೆಲೆ ಏರಿಸುವ ಸಲುವಾಗಿ ಯಾರೂ ತಮ್ಮ ಕಾರ್ಖಾನೆಯನ್ನೇ ಹೀಗೆ ನಿಲ್ಲಿಸಿಕೊಳ್ಳುವುದಿಲ್ಲ.

ಆದರೆ ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜವೂ ಇದೆ. ಇದ್ದ ಸ್ವಲ್ಪ ಚಿಪ್‌ಗಳನ್ನು ಯಾವ ಕಾರಿಗೆ ಹಾಕಬೇಕೆಂಬ ಆಯ್ಕೆ ಕಂಪನಿಗಳ ಕೈಯಲ್ಲಿತ್ತು. ಹಲವು ಕಂಪನಿಗಳು ಲಾಭ ಹೆಚ್ಚಿರುವ ದುಬಾರಿ ಮಾದರಿಗಳಿಗೆ ಮೊದಲ ಪಾಲು ಕೊಟ್ಟವು. ಮರ್ಸಿಡಿಸ್ ಬೆಂಜ್ 2021ರಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆ ಕಾರು ಮಾರಿಯೂ ಹೆಚ್ಚು ಲಾಭ ಗಳಿಸಿತು. ಹೊಸ ಕಾರು ಸಿಗದೆ ಜನ ಹಳೆಯದಕ್ಕೆ ಮುಗಿಬಿದ್ದಾಗ, ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಬೆಲೆ 2022ರ ಜನವರಿಗೆ ಮುಗಿದ ಒಂದೇ ವರ್ಷದಲ್ಲಿ ಶೇ. 40ರಷ್ಟು ಏರಿತು. ಅಂದರೆ ಕೊರತೆಯನ್ನು ಕಂಪನಿಗಳು ಹುಟ್ಟುಹಾಕಲಿಲ್ಲ, ಆದರೆ ಅದರ ಭಾರ ಯಾರ ಹೆಗಲಿಗೆ ಬೀಳಬೇಕೆಂಬುದರಲ್ಲಿ ಅವುಗಳ ಪಾತ್ರವಿತ್ತು.

ಮನೆಗೊಂದು ಕಾರು ಬಂತೇ?

ಕಾರುಗಳ ಮಾರಾಟವೇನೋ ಚೇತರಿಸಿಕೊಂಡಿತು. 2021ರ ಅಕ್ಟೋಬರ್‌ನಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬುಕಿಂಗ್ ತೆರೆದಾಗ ಮೊದಲ 25 ಸಾವಿರ ಬುಕಿಂಗ್ ಒಂದು ಗಂಟೆಯೊಳಗೇ ಮುಗಿದವು. ಪ್ರಯಾಣಿಕ ವಾಹನಗಳ ಮಾರಾಟ 2022-23ರಲ್ಲಿ 38.90 ಲಕ್ಷಕ್ಕೆ, 2023-24ರಲ್ಲಿ 42.18 ಲಕ್ಷಕ್ಕೆ ಏರಿ ಹೊಸ ದಾಖಲೆ ಬರೆಯಿತು. ಕಾರು ಉದ್ಯಮದ ಕಥೆ ಮುಗಿಯಿತು ಎಂದವರ ಮಾತು ಸುಳ್ಳಾಯಿತು.

ಈಗ ಬೈಕು, ಸ್ಕೂಟರುಗಳ ಲೆಕ್ಕ ನೋಡಿ. 2018-19ರಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳು 2.12 ಕೋಟಿ. 2021-22ರಲ್ಲಿ 1.35 ಕೋಟಿ. 2024-25ರಲ್ಲೂ ಅದು 1.96 ಕೋಟಿಯಷ್ಟೇ. ಆರು ವರ್ಷ ಕಳೆದರೂ ಹಳೆಯ ಮಟ್ಟ ಮುಟ್ಟಿರಲಿಲ್ಲ. ಕಾರುಗಳಲ್ಲೂ ಏರಿದ್ದು ದೊಡ್ಡವುಗಳ ಪಾಲು. 2021-22ರಲ್ಲಿ ಮೊದಲ ಬಾರಿಗೆ ಎಸ್‌ಯುವಿ ಮಾದರಿಯ ವಾಹನಗಳ ಮಾರಾಟ ಮಾಮೂಲಿ ಕಾರುಗಳ ಮಾರಾಟವನ್ನು ಹಿಂದಿಕ್ಕಿತು. ಮಧ್ಯಮ ವರ್ಗದ ಮೊದಲ ಕಾರಾಗಿದ್ದ ಸಣ್ಣ ಹ್ಯಾಚ್‌ಬ್ಯಾಕ್‌ಗಳು ಸೊರಗಿದವು.

ಈ ಅಂಕಿಗಳ ಹಿಂದೆ ಮನೆಗಳಿವೆ. ಸಂಬಳಕ್ಕೆ ಕತ್ತರಿ ಬೀಳದೆ ಮನೆಯಿಂದಲೇ ಕೆಲಸ ಮಾಡಿದವರ ಕೈಯಲ್ಲಿ ಹಣ ಉಳಿಯಿತು, ಅವರು ದೊಡ್ಡ ಕಾರು ಕೊಂಡರು. ದಿನಗೂಲಿ ತಪ್ಪಿದವರು, ಅಂಗಡಿ ಮುಚ್ಚಿದವರು, ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿದವರು ಬೈಕ್ ಕೊಳ್ಳುವುದನ್ನೂ ಮುಂದೂಡಿದರು. ಅದೇ ಹೊತ್ತಿಗೆ ಬೈಕುಗಳ ಬೆಲೆಯೂ, ಪೆಟ್ರೋಲ್ ಬೆಲೆಯೂ ಏರಿತ್ತು. ಬಸ್ಸಿನ ಭಯ ಇಬ್ಬರಿಗೂ ಒಂದೇ ಇತ್ತು, ಆದರೆ ಆ ಭಯಕ್ಕೆ ಕಾರಿನ ಪರಿಹಾರ ಕೊಳ್ಳುವ ಶಕ್ತಿ ಒಬ್ಬರಿಗೆ ಮಾತ್ರ ಇತ್ತು.

ಮುಂದೇನು?

ಮೊದಲನೆಯದು, ವಿದ್ಯುತ್ ವಾಹನ. ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಇವುಗಳ ಪಾಲು 2020ರಲ್ಲಿ ನೂರಕ್ಕೆ ನಾಲ್ಕರಷ್ಟಿತ್ತು, 2022ಕ್ಕೆ ಹದಿನಾಲ್ಕರಷ್ಟಾಯಿತು. ಇದು ಕೊರೊನಾದ ಕೊಡುಗೆ ಎನ್ನುವುದು ಅತಿಶಯೋಕ್ತಿ. ಯುರೋಪಿನ ಹೊಗೆ ನಿಯಮ, ಚೀನಾದ ಪ್ರೋತ್ಸಾಹ, ವರ್ಷಗಳಿಂದ ಇಳಿಯುತ್ತಾ ಬಂದಿದ್ದ ಬ್ಯಾಟರಿ ಬೆಲೆ ಮೊದಲೇ ಹಾದಿ ಹಾಕಿದ್ದವು. ಆದರೆ ಆರ್ಥಿಕತೆ ಎತ್ತಲು ಹಲವು ಸರ್ಕಾರಗಳು ಕೊಟ್ಟ ಸಬ್ಸಿಡಿ ವೇಗ ಹೆಚ್ಚಿಸಿತು. ನಮ್ಮಲ್ಲೂ 2021ರ ಜೂನ್‌ನಲ್ಲಿ ಫೇಮ್-2 ಯೋಜನೆಯಡಿ ವಿದ್ಯುತ್ ಸ್ಕೂಟರುಗಳ ಸಬ್ಸಿಡಿಯನ್ನು ಪ್ರತಿ ಕಿಲೋವ್ಯಾಟ್ ಅವರ್ ಬ್ಯಾಟರಿಗೆ 10 ಸಾವಿರದಿಂದ 15 ಸಾವಿರ ರೂಪಾಯಿಗೆ ಏರಿಸಲಾಯಿತು. ಒಂದು ಮಾತು ನೆನಪಿರಲಿ: ವಿದ್ಯುತ್ ಕಾರಿಗೆ ಚಿಪ್ ಇನ್ನೂ ಹೆಚ್ಚು ಬೇಕು.

ಎರಡನೆಯದು, ಚಿಪ್ ತಯಾರಿಕೆ ಮನೆಯಂಗಳಕ್ಕೆ. ಭಾರತ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76 ಸಾವಿರ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. 2024ರ ಮಾರ್ಚ್‌ನಲ್ಲಿ ಗುಜರಾತಿನ ಧೋಲೇರಾ ಮತ್ತು ಅಸ್ಸಾಮಿನ ಜಾಗೀರೋಡ್‌ನಲ್ಲಿ ಚಿಪ್ ಘಟಕಗಳಿಗೆ ಶಂಕುಸ್ಥಾಪನೆ ನಡೆಯಿತು. ಅಮೆರಿಕ 2022ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು.

ಮೂರನೆಯದು, ಸ್ವಲ್ಪ ದಾಸ್ತಾನು. 2011ರ ಭೂಕಂಪ, ಸುನಾಮಿಯಲ್ಲಿ ಪೆಟ್ಟು ತಿಂದ ಟೊಯೋಟಾ, ಚಿಪ್‌ಗಳನ್ನು ಕೆಲವು ತಿಂಗಳ ಮಟ್ಟಿಗೆ ಕೂಡಿಡುವಂತೆ ತನ್ನ ಪೂರೈಕೆದಾರರಿಗೆ ಹೇಳಿತ್ತು. ಹಾಗಾಗಿಯೇ 2021ರ ಆರಂಭದಲ್ಲಿ ಬೇರೆಯವರು ಒದ್ದಾಡುವಾಗ ಅದು ತಡೆದುಕೊಂಡಿತು. ‘ಜಸ್ಟ್ ಇನ್ ಟೈಮ್’ ಹುಟ್ಟಿದ ಮನೆಯೇ ಮೊದಲು ಕಷ್ಟಕಾಲಕ್ಕೆ ಕಣಜ ತುಂಬಿಸಿಕೊಂಡಿತ್ತು.

ಪಾಠ ಎಲ್ಲರಿಗೂ ನಾಟಿತೇ? 2025ರಲ್ಲಿ ಚೀನಾ ಅಪರೂಪದ ಲೋಹಗಳ ಅಯಸ್ಕಾಂತಗಳ ರಫ್ತಿಗೆ ಬಿಗಿ ನಿಯಮ ತಂದಾಗ ಕಾರು ಕಂಪನಿಗಳು ಮತ್ತೆ ಪರದಾಡಿದವು. ಅದೇ ವರ್ಷ ನೆದರ್ಲೆಂಡ್ಸ್‌ನ ನೆಕ್ಸ್‌ಪೀರಿಯಾ ಕಂಪನಿಯ ವಿವಾದದಲ್ಲಿ, ಮಾಮೂಲಿ ಅಗ್ಗದ ಚಿಪ್ ಸಿಗದೆ ಹೋಂಡಾದಂಥ ದೊಡ್ಡ ಕಂಪನಿಯೂ ಉತ್ಪಾದನೆ ತಗ್ಗಿಸಬೇಕಾಯಿತು. ಈ ಸಲ ವೈರಸ್ ಇರಲಿಲ್ಲ, ಕಳಚಿದ ಕೊಂಡಿ ಮಾತ್ರ ಅದೇ ಜಾತಿಯದು.

ಫಾರ್ವರ್ಡ್ ಮಾಡುವ ಮುನ್ನ

‘ಚಿಪ್ ಕೊರತೆ ನಾಟಕ’: ಸುಳ್ಳು. ಆದರೆ ಕೊರತೆಯ ಕಾಲದಲ್ಲಿ ದುಬಾರಿ ಕಾರುಗಳಿಗೆ ಮೊದಲ ಮಣೆ ಸಿಕ್ಕಿದ್ದು ನಿಜ.

‘ಕಾರು ಉದ್ಯಮ ಮುಗಿಯಿತು’: ಸುಳ್ಳು. ಮೂರೇ ವರ್ಷದಲ್ಲಿ ಮಾರಾಟ ಹಳೆಯ ದಾಖಲೆಯನ್ನು ಮುರಿಯಿತು.

‘ಇನ್ನು ಮನೆಗೊಂದು ಕಾರು’: ಸುಳ್ಳು. ಕಾರಿದ್ದ ಮನೆಗೆ ಇನ್ನೂ ದೊಡ್ಡ ಕಾರು ಬಂದಿರಬಹುದು, ಬೈಕಿಗೆಂದು ದುಡ್ಡು ಕೂಡಿಡುತ್ತಿದ್ದ ಮನೆ ಬಸ್ಸನ್ನೇ ಕಾಯುತ್ತಿದೆ. ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧರಾಗುವುದೆಂದರೆ ಚಿಪ್ ಕಾರ್ಖಾನೆ ಕಟ್ಟುವುದಷ್ಟೇ ಸಾಲದು, ಆ ಬಸ್ಸು ಹೊತ್ತಿಗೆ ಸರಿಯಾಗಿ, ನೂಕುನುಗ್ಗಲಿಲ್ಲದೆ ಬರುವಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಬೇಕು.