ಮೀನು ಆಮ್ಯಾಲೆ, ಮೊದಲ ನೀರು

ಮನ್ಯಾಗ ಸಮುದ್ರದ ಮೀನು ಸಾಕಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಆದ್ರ ಟ್ಯಾಂಕ್ ತಂದ ದಿನಾನ ಮೀನು ತರಬ್ಯಾಡ್ರಿ ಅಂತ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಉಪ್ಪುನೀರು ತುಂಬಿಸಿ, ನಾಲ್ಕರಿಂದ ಆರು ವಾರ ಬರೇ ನೀರು, ಕಲ್ಲು, ಮರಳು ನೋಡ್ಕೋತ ಇರೋ ತಾಳ್ಮಿ ಯಾರಿಗದನೋ ಅವ್ರಷ್ಟ ಈ ಹೌಸಿಗೆ ಕೈ ಹಾಕ್ಬೇಕು. ಇನ್ನೊಂದು ಮಾತು. ಆ ಮನ್ಯಾಗ ಕಸಾ ಹೊಡಿಯೋಕಿ, ನೀರು ತುಂಬೋಕಿ, ಅಡಿಗಿ ಮಾಡೋಕಿ ಯಾರೋ ಆಕಿನ್ನ ಕೇಳಿ, ಆಕಿ ಹೂಂ ಅಂದ ಮ್ಯಾಲೇನ ಟ್ಯಾಂಕು ಹೊಸ್ತಿಲಾ ದಾಟಬೇಕು.

ಇದನ್ನ ಯಾಕ ಬರೀಲಿಕ್ಹತ್ತೀನಿ ಅಂದ್ರ, ನಮ್ಮ ಓಣ್ಯಾಗ ಗೋಲ್ಡ್‌ಫಿಶ್ ಹುಚ್ಚು ಮುಗದು ಈಗ ಸಮುದ್ರದ ಮೀನಿನ ಹುಚ್ಚು ಶುರು ಆಗೇದ. 'ಫೈಂಡಿಂಗ್ ನೀಮೋ' ಸಿನಿಮಾ ಬಂದದ್ದು 2003ರಾಗ. ಅವಾಗ ಅದನ್ನ ನೋಡಿದ ಹುಡುಗ್ರು ಈಗ ಪಗಾರ ತಗೊಳ್ಳೋ ಗಂಡಸರಾಗ್ಯಾರ, ಅವರಿಗೆ ನೀಮೋ ಮನಿಗೆ ಬೇಕಾಗೇದ. ನಮ್ಮ ಹಿಂದಿನ ಓಣ್ಯಾಗ ಒಬ್ಬರ ಮನಿಗೆ ಅಂಗಡಿಯವ ಮುಂಜಾನೆ ಬಂದು ಟ್ಯಾಂಕ್ ಇಟ್ಟ, ಉಪ್ಪು ಕಲಸಿದ, ಮಧ್ಯಾಹ್ನ ಊಟದ ಹೊತ್ತಿಗೆ ಎಂಟು ಮೀನು ಬಿಟ್ಟು ರೊಕ್ಕಾ ಎಣಿಸ್ಕೊಂಡು ಹೋದ. ಒಂಬತ್ತನೇ ದಿನಕ್ಕ ಒಂದೂ ಉಳೀಲಿಲ್ಲ. ಆ ಮನಿ ಸಣ್ಣ ಹುಡುಗಿ ಎರಡು ದಿನ ಊಟಾ ಬಿಟ್ಲು. ನೋಡ್ಲಿಕ್ಕೆ ಹೋದವರೆಲ್ಲ ಏನಂದ್ರು ಗೊತ್ತೇನು? "ಹೋಗ್ಲಿ ಬಿಡ್ರಿ, ಮನಿ ಮ್ಯಾಲಿನ ಕಂಟಕ ಮೀನು ತಗೊಂಡು ಹೋದ್ವು." ವೈನಿ, ಅಕ್ಕಾ, ಇದೊಂದು ಮಾತು ಮಾತ್ರ ಇನ್ನ ಸಾಕು ಮಾಡೋಣ. ಆ ಮೀನು ಕಂಟಕದಿಂದ ಸತ್ತಿಲ್ಲ, ಅಮೋನಿಯಾದಿಂದ ಸತ್ತಾವ. ಕಂಟಕದ ಹೆಸರು ಹೇಳಿದ್ರ ಅಂಗಡಿಯವನೂ ಪಾರು, ಮುಂದಿನ ಎಂಟು ಮೀನು ತರೋದೂ ಸಸಾರ.

ಅಮೋನಿಯಾ ಅಂದ್ರ ಏನು ಅಂತ ನಮ್ಮ ಅಡಿಗಿಮನಿ ಭಾಷಾದಾಗ ಹೇಳ್ತೀನಿ. ಮೀನು ತಿಂತಾವ, ಹೊಲಸು ಮಾಡ್ತಾವ, ತಿಂದು ಬಿಟ್ಟಿದ್ದು ಕೊಳೀತದ. ಇದರಿಂದ ನೀರಿನ್ಯಾಗ ಅಮೋನಿಯಾ ಅನ್ನೋ ವಿಷ ಹುಟ್ತದ. ಕಣ್ಣಿಗೆ ಕಾಣಂಗಿಲ್ಲ, ನೀರು ಸ್ಫಟಿಕದ ಹಂಗ ಇರ್ತದ, ಮೀನು ಮಾತ್ರ ಮ್ಯಾಲೆ ಬಂದು ಬಾಯಿ ಬಿಡ್ತಾವ. ಒಂದು ಜಾತಿ ಬ್ಯಾಕ್ಟೀರಿಯಾ ಈ ಅಮೋನಿಯಾ ತಿಂದು ನೈಟ್ರೈಟ್ ಮಾಡ್ತಾವ. ಅದೂ ಛೊಲೋದಲ್ಲ. ಇನ್ನೊಂದು ಜಾತಿ ಅದನ್ನ ತಿಂದು ನೈಟ್ರೇಟ್ ಮಾಡ್ತಾವ. ಅದು ಸೌಮ್ಯ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿ ಮಾಡಿದ್ರ ಹೋಗ್ತದ. ಈ ಬ್ಯಾಕ್ಟೀರಿಯಾ ಕಲ್ಲಿಗೆ, ಮರಳಿಗೆ, ಫಿಲ್ಟರಿನ ಸ್ಪಂಜಿಗೆ ಹತ್ಕೊಂಡು ಬೆಳೀತಾವ. ಹೊಸಾ ಟ್ಯಾಂಕಿನ್ಯಾಗ ಅವು ಎಲ್ಲಿರಬೇಕು? ಹಾಲಿಗೆ ಹೆಪ್ಪು ಹಾಕಿ ಐದು ನಿಮಿಷಕ್ಕ ಮೊಸರು ಬೇಡಿದ್ರ ಆಗ್ತದೇನು? ಹಂಗ ಇದು. ಮೊಸರಿಗೆ ಒಂದು ರಾತ್ರಿ ಸಾಕು, ಇದಕ್ಕ ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರು ಸ್ವಲ್ಪ ಕ್ಷಾರ ಇರ್ತದ, ಅದರಾಗ ಅಮೋನಿಯಾದ ವಿಷ ಇನ್ನೂ ಜೋರು. ಅದಕ್ಕ ಸಿಹಿನೀರಿನ ಟ್ಯಾಂಕ್ ನಡಸಿದವರೂ ಇಲ್ಲಿ ಅವಸರ ಮಾಡಂಗಿಲ್ಲ.

ನಮ್ಮ ಮೈದುನನ ಮಗ ನೌಕರಿ ಸಲುವಾಗಿ ನಮ್ಮನ್ಯಾಗ ಇದ್ದಾನ. ಅವನೂ ಹೋದ ವರ್ಷ "ದೊಡ್ಡವ್ವಾ, ಒಂದು ಉಪ್ಪುನೀರಿನ ಟ್ಯಾಂಕ್ ಇಡ್ಲೇನು" ಅಂದ. ನಾ ಮೂರು ಕರಾರು ಹಾಕ್ದೆ. ಒಂದು, ದಿನದ ಕೆಲಸಾ ಎಲ್ಲಾ ನೀನ ಮಾಡ್ಬೇಕು, ಊರಿಗೆ ಹೋಗೋ ಮುಂದ ಯಾರು ನೋಡ್ತಾರ ಅಂತ ನೀನ ಗೊತ್ತು ಮಾಡಿ ಹೋಗ್ಬೇಕು. ಎರಡು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿಗೆ ಇಳದು ಅಲ್ಲೇ ನಿಲ್ಲೋ ತನಕಾ ಮೀನು ಬರಬಾರದು. ಮೂರು, ಸಮುದ್ರದಾಗ ಹಿಡದ ಮೀನು ಬ್ಯಾಡ, ಹ್ಯಾಚರಿಯೊಳಗ ಮರಿ ಮಾಡಿದ್ದೇ ಬೇಕು. ಅವ ಒಪ್ಪಿದ. ದಿನಾ ಒಂದು ಚಿಟಿಕಿ ಮೀನಿನ ಕಾಳು ಖಾಲಿ ನೀರಿಗೆ ಹಾಕೋದು, ಅದು ಕೊಳತು ಅಮೋನಿಯಾ ಹುಟ್ಟಿಸೋದು, ಟೆಸ್ಟ್ ಕಿಟ್ಟಿನ ಸಣ್ಣ ನಳಿಗ್ಯಾಗ ಬಣ್ಣ ನೋಡೋದು. ಆ ಲೆಕ್ಕಾ ನಾ ಹಾಲಿನ ಪುಸ್ತಕದ ಹಿಂದಿನ ಹಾಳ್ಯಾಗ ಬರದಿಟ್ಟೀನಿ. ಮೊದಲ ಅಮೋನಿಯಾ ಏರಿ ಇಳೀತು, ಆಮ್ಯಾಲೆ ನೈಟ್ರೈಟ್ ಏರಿ ಇಳೀತು. ನಡುವ ಮರಳ ಮ್ಯಾಲೆ ಕಂದು ಬಣ್ಣದ ಪುಡಿ ಹಂಗ ಪಾಚಿ ಕೂತು ಹೊಲಸ ಕಂಡ್ತು, ತಾನ ಹೋತು. 38ನೇ ದಿನ ಎರಡೂ ಸೊನ್ನಿ. ಮೀನು ಬಂದದ್ದು ಅದರ ಮುಂದಿನ ವಾರ, ಎರಡ ಎರಡು. ಅವು ಇವತ್ತಿಗೂ ಅವ.

ಇನ್ನ ಉಪ್ಪಿನ ಮಾತು. ನಮ್ಮ ಡಬ್ಬಿ ಉಪ್ಪು ನಡ್ಯಂಗಿಲ್ಲ. ಅದರಾಗ ಅಯೋಡಿನ್ ಹಾಕಿರ್ತಾರ, ಗಂಟು ಕಟ್ಟಬಾರದು ಅಂತ ಬ್ಯಾರೆ ಏನರೆ ಹಾಕಿರ್ತಾರ, ಮತ್ತ ಸಮುದ್ರದ ನೀರಿನ್ಯಾಗ ಇರೋ ಮೆಗ್ನೀಶಿಯಂ, ಕ್ಯಾಲ್ಶಿಯಂ ಅದರಾಗ ಇರಂಗಿಲ್ಲ. ಅಕ್ವೇರಿಯಂ ಸಲುವಾಗೇ ಮಾಡಿದ ಸಮುದ್ರದ ಉಪ್ಪು ಬೇಕು. ಲೀಟರಿಗೆ ಹತ್ತಹತ್ರ 35 ಗ್ರಾಂ. ನಮ್ಮದು ಮೂರು ಫೂಟಿನ ಟ್ಯಾಂಕು, ಕಲ್ಲು ಮರಳು ಬಿಟ್ಟು 110 ಲೀಟರ್ ನೀರು ಹಿಡೀತದ. ಅಂದ್ರ ಮೊದಲ ಸಲಾನ ಸುಮಾರು ನಾಲ್ಕು ಕೆಜಿ ಉಪ್ಪು. ಅಳತಿ ನೋಡೋ ಸಾಧನದಾಗ 1.025 ಬರಬೇಕು. ಬಾಯಾಗ ರುಚಿ ನೋಡಿ ಉಪ್ಪು ಹಾಕೋ ನಮ್ಮ ವಿದ್ಯಾ ಇಲ್ಲಿ ನಡ್ಯಂಗಿಲ್ಲ. ಆದ್ರ ಒಂದು ವಿದ್ಯಾ ನಡೀತದ. ಸಾರು ಕುದ್ದು ಹಿಂಗಿದ್ರ ಉಪ್ಪು ಜಾಸ್ತಿ ಆಗ್ತದ, ಅವಾಗ ನಾವು ಏನ್ ಮಾಡ್ತೀವಿ? ನೀರು ಹಾಕ್ತೀವಿ, ಮತ್ತ ಉಪ್ಪು ಹಾಕಂಗಿಲ್ಲ. ಟ್ಯಾಂಕಿನ ನೀರು ಆವಿ ಆಗಿ ಕಡಿಮಿ ಆದಾಗ ಹೋಗೋದು ಬರೇ ನೀರು, ಉಪ್ಪು ಅಲ್ಲೇ ಉಳೀತದ. ಅದಕ್ಕ ದಿನಾ ಸಿಹಿನೀರೇ ಹಾಕಿ ಗೆರಿ ತನಕಾ ತರಬೇಕು. ಉಪ್ಪುನೀರು ಕಲಸೋದು ವಾರದ ಬದಲಿ ನೀರಿಗಷ್ಟ. ನಮ್ಮ ಮನ್ಯಾಗ ಅದು 10 ಲೀಟರ್, 350 ಗ್ರಾಂ ಉಪ್ಪು.

ಆ ಸಿಹಿನೀರು ಎಲ್ಲಿದು? ನಳದ ನೀರಿನ್ಯಾಗ ಕ್ಲೋರಿನ್, ಬೋರಿನ ನೀರಿನ್ಯಾಗ ಗಡಸು. ಆರ್‌ಓ ನೀರು ಬೇಕು, ಅದರ ಮುಂದ ಡಿಐ ಅನ್ನೋ ಇನ್ನೊಂದು ಫಿಲ್ಟರ್ ಹಾಕಿ ಟಿಡಿಎಸ್ ಸೊನ್ನಿಗೆ ತಂದ್ರ ಇನ್ನೂ ಛೊಲೋ. ಇಲ್ಲಿ ಒಂದು ಮಾತು ಯಾರೂ ಹೇಳಂಗಿಲ್ಲ. ಮನಿ ಆರ್‌ಓ ಒಂದು ಲೀಟರ್ ಕೊಡ್ಲಿಕ್ಕೆ ಎರಡು ಮೂರು ಲೀಟರ್ ಹೊರಗ ಬಿಡ್ತದ. ನಳ ಐದಾರು ದಿನಕ್ಕೊಮ್ಮೆ ಬರೋ ಓಣ್ಯಾಗ ಇದು ಸಣ್ಣ ಲೆಕ್ಕ ಅಲ್ಲ. ಆ ಹೊರಗಿನ ನೀರು ಬಕೀಟಿನ್ಯಾಗ ಹಿಡದು ಅಂಗಳಾ ತೊಳೀಲಿಕ್ಕೆ, ಸಂಡಾಸಕ್ಕ ಹಾಕ್ಲಿಕ್ಕೆ ಬಳಸ್ತೀವಿ ಅನ್ನೋರಷ್ಟ ಟ್ಯಾಂಕ್ ಇಡ್ರಿ. "ಕಾರವಾರಕ್ಕ ಹೋದಾಗ ಕ್ಯಾನಿನ್ಯಾಗ ಸಮುದ್ರದ ನೀರೇ ತಂದ್ರಾತು" ಅನ್ನೋರೂ ಇದ್ದಾರ. ದಂಡಿ ನೀರಿನ್ಯಾಗ ಹೊಲಸು, ಮಣ್ಣು, ಎಣ್ಣಿ ಇರ್ತದ, ಮಳಿಗಾಲದಾಗ ಕಾಳಿ ನದಿ ನೀರು ಕೂಡಿ ಉಪ್ಪೂ ತಗ್ತದ. 110 ಲೀಟರ್ ಅಂದ್ರ 110 ಕೆಜಿ, ಅದನ್ನ ಧಾರವಾಡದ ತನಕಾ ಹೊತ್ಕೊಂಡು ಬರೋದು ಬ್ಯಾರೆ.

ನಾವು ಹೆಣ್ಮಕ್ಕಳು ತಿಳ್ಕೋಬೇಕಾದ್ದು ಇನ್ನಷ್ಟು ಅದ, ಯಾಕಂದ್ರ ಮನ್ಯಾಗ ದಿನಾ ಬಳಸೋ ಸಾಮಾನೇ ಆ ಜೀವಕ್ಕ ಕುತ್ತು. ತಾಮ್ರದ ಕೊಡದ ನೀರು ನಮಗ ಶ್ರೇಷ್ಠ, ಟ್ಯಾಂಕಿನ ಸಿಗಡಿ ಬಸವನಹುಳಕ್ಕ ತಾಮ್ರ ವಿಷ. ಪ್ಲಾಸ್ಟಿಕ್ ಬಕೀಟು ಒಂದು ಬ್ಯಾರೇನ ಇಡ್ರಿ, ಅದಕ್ಕ ಸೋಪು ತಗಲಬಾರದು. ಸೊಳ್ಳಿ ಔಷಧ ಹೊಡಿಯೋದು, ರಾತ್ರಿ ಪ್ಲಗ್ಗಿಗೆ ಸೊಳ್ಳಿ ಮಶೀನು ಹಚ್ಚೋದು ಆ ಖೋಲ್ಯಾಗ ಬ್ಯಾಡ, ಅದು ಮೀನಿಗೂ ಸಿಗಡಿಗೂ ಭಾಳ ಕೆಟ್ಟದ್ದು. ಫಿನೈಲ್ ವಾಸನಿ, ಊದಿನಕಡ್ಡಿ ಹೊಗಿ ದೂರ ಇರಲಿ. ದೇವರ ಮನಿ ಬಾಜೂಕ ಟ್ಯಾಂಕ್ ಇಟ್ರ ಶುಭ ಅಂತ ಯಾರರೆ ಹೇಳಿದ್ರ ಈ ಹೊಗಿ ಮಾತು ನೆನಪ ಮಾಡ್ರಿ. ಕೈಗೆ ಸೋಪು, ಎಣ್ಣಿ, ಮಸಾಲಿ ಇದ್ದಾಗ ನೀರಿಗೆ ಕೈ ಹಾಕಬಾರದು. ಬಿಸಲು ಬೀಳೋ ಕಿಡಕಿ ಹತ್ರ ಇಟ್ರ ಪಾಚಿ ಬೆಳೀತದ, ನೀರೂ ಕಾಯ್ತದ. ಅದಕ್ಕ 25-26 ಡಿಗ್ರಿ ಬೇಕು, ನಮ್ಮ ಏಪ್ರಿಲ್ ಮೇ ಬಿಸಲು 36ರ ಮ್ಯಾಲೆ ಹೋಗ್ತದ. ಫ್ಯಾನ್ ಹಚ್ಚಿ ತಂಪ ಮಾಡಬಹುದು, ಆದ್ರ ನೀರು ಇನ್ನಷ್ಟು ಆವಿ ಆಗ್ತದ.

ಕರೆಂಟ್ ಮಾತು ಮರೀಬ್ಯಾಡ್ರಿ. ಕರೆಂಟ್ ಹೋಗಿ ನೀರು ಓಡೋದು ನಿಂತ್ರ ಮೀನಿಗೆ ಉಸಿರಿಲ್ಲ. ಬ್ಯಾಟರಿ ಮ್ಯಾಲೆ ನಡೆಯೋ ಸಣ್ಣ ಗಾಳಿ ಪಂಪ್ ಒಂದು ಮೊದಲ ದಿನಾನ ತಂದಿಡ್ರಿ. ಉಪ್ಪುನೀರಿನ್ಯಾಗ ಕರೆಂಟು ಸರಾಗ ಹರೀತದ, ವಾಯರ್ ಮ್ಯಾಲಿಂದ ಹನಿ ಇಳದು ಪ್ಲಗ್ಗಿಗೆ ಹೋಗಬಾರದು. ವಾಯರನ್ನ ಪ್ಲಗ್ಗಿಗಿಂತ ಕೆಳಗ ಜೋತುಬಿದ್ದು ಮ್ಯಾಲೆ ಬರೋ ಹಂಗ ಬಿಡ್ರಿ, ಹನಿ ಕೆಳಗ ಬೀಳ್ತದ. ಶಾಕ್ ಹೊಡದ್ರ ತಾನ ಬಂದ್ ಆಗೋ ಸ್ವಿಚ್ಚು ಮನಿಗೆ ಇಲ್ಲದಿದ್ರ ಮೊದಲ ಅದನ್ನ ಹಾಕಸ್ರಿ. ಮೊಮ್ಮಕ್ಕಳು ಓಡ್ಯಾಡೋ ಮನಿ.

ಮೀನಿನ ಮಾತಿಗೆ ಬರ್ತೀನಿ. ಸಮುದ್ರದ ಅಕ್ವೇರಿಯಂ ಮೀನಿನ್ಯಾಗ ಹೆಚ್ಚಿನ ಜಾತಿ ಇನ್ನೂ ಹವಳದ ದಿಬ್ಬದಿಂದ ಹಿಡದು ತರೋವೇ. ಫಿಲಿಪೈನ್ಸ್, ಇಂಡೋನೇಶಿಯಾ ಕಡೆ ಸೈನೈಡ್ ನೀರಿಗೆ ಬಿಟ್ಟು ಮೂರ್ಛೆ ತಪ್ಪಿಸಿ ಹಿಡದದ್ದೂ ಅದ. ಆದ್ರ ನೀಮೋ ಜಾತಿ ಕ್ಲೌನ್ ಮೀನು ಹ್ಯಾಚರಿಯೊಳಗ ಮರಿ ಹಾಕ್ತಾವ. ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನ ಮಾಡಿ ತೋರಿಸ್ಯಾರ. ಲಕ್ಷದ್ವೀಪದ ಅಗತ್ತಿ ದ್ವೀಪದಾಗ ನಮ್ಮಂಥ ಹೆಣ್ಮಕ್ಕಳೇ ತರಬೇತಿ ತಗೊಂಡು ಅಕ್ವೇರಿಯಂ ಸಿಗಡಿ ಸಾಕ್ಲಿಕ್ಹತ್ಯಾರ. ರೊಕ್ಕಾ ಕೊಡೋದಿದ್ರ ಅಂಥ ಕೈಗೆ ಹೋಗ್ಲಿ. ಅಂಗಡ್ಯಾಗ "ಇದು ಹ್ಯಾಚರಿದೇನು" ಅಂತ ಕೇಳ್ರಿ, ಮುಖಾ ಮುಖಾ ನೋಡಿದ್ರ ಎದ್ದು ಬರ್ರಿ. ಸಿನಿಮಾದಾಗಿನ ನೀಲಿ ಡೋರಿ ಒಂದು ಫೂಟು ಬೆಳೀತದ, ಮೂರು ಫೂಟಿನ ಡಬ್ಬಿ ಅದಕ್ಕ ಜೈಲು. ಕುದರಿ ಮೀನು, ಹವಳದ ಕಲ್ಲು, ಸಮುದ್ರದ ಬೀಸಣಿಗಿ ಅಂತೂ ಮುಟ್ಟಲೇಬಾರದು, 1972ರ ವನ್ಯಜೀವಿ ಕಾಯ್ದೆಯೊಳಗ ಅವಕ್ಕ ರಕ್ಷಣಾ ಅದ. ಬದಲಿಗೆ ಮನುಷ್ಯಾರು ಮಾಡಿದ ತೂತಿನ ಕಲ್ಲು ಸಿಗ್ತಾವ.

ಕ್ಲೌನ್ ಮೀನಿನ ಬಗ್ಗೆ ಒಂದು ಸುದ್ದಿ ಕೇಳಿ ನಮ್ಮತ್ತಿಯವರೂ ನಕ್ರು. ಅವು ಎಲ್ಲಾ ಗಂಡಾಗೇ ಬೆಳೀತಾವ. ಗುಂಪಿನ್ಯಾಗ ದೊಡ್ಡದು ಹೆಣ್ಣಾಗ್ತದ, ಅದರ ಮಾತೇ ನಡೀತದ. ಅದು ಸತ್ರ ಅದರ ಜೋಡಿ ಗಂಡೇ ಹೆಣ್ಣಾಗಿ ಯಜಮಾನಕಿ ಹಿಡೀತದ.

ಅತ್ತಿಯವರ ತಕರಾರು ಬ್ಯಾರೆ ಇತ್ತು. "ಸಸ್ಯಾಹಾರಿ ಮನ್ಯಾಗ, ಹಾಲು ಮೊಸರಿನ ಫ್ರಿಜ್ಜಿನ್ಯಾಗ, ಸತ್ತ ಸಿಗಡಿ ಪ್ಯಾಕೆಟ್ ಇಡಬ್ಯಾಡ" ಅಂದ್ರು. ಅದು ಹಟ ಅಲ್ಲ, ಅವರ ಮನಿ, ಅವರ ಮಾತು. ಒಣಾ ಕಾಳು ತಿನ್ನೋ ಮೀನೇ ತಂದ್ವಿ. ಅವರದು ಇನ್ನೊಂದು ಮಾತು ಇತ್ತು, "ಸಮುದ್ರದ ಜೀವಾ ಸಮುದ್ರದಾಗ ಇರಲಿ, ನಿಮ್ಮ ಚಂದಕ್ಕ ಯಾಕ ತರ್ತೀರಿ?" ಇದಕ್ಕ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಹ್ಯಾಚರಿಯೊಳಗ ಹುಟ್ಟಿದ ಎರಡು ಮೀನಿಗೆ ಛೊಲೋ ನೀರು, ಹೊತ್ತಿಗೆ ಅನ್ನ ಕೊಡೋದು ಒಂದು ಮಾತು. ಹಿಡದು ತಂದ ಎಂಟನ್ನ ಒಂಬತ್ತು ದಿನದಾಗ ಕೊಲ್ಲೋದು ಇನ್ನೊಂದು. ಎರಡಕ್ಕೂ ಒಂದ ಹೆಸರು ಇಡಬಾರದು ಅಂತಷ್ಟ ನಾ ಅನ್ನೋದು.

ಇದರ ಮ್ಯಾಲೆ ಜೀವಮಾನದ ಲೆಕ್ಕಾ ಹಾಕ್ರಿ. ಕ್ಲೌನ್ ಮೀನು ಹತ್ತು ವರ್ಷದ ಮ್ಯಾಲೂ ಬಾಳ್ತದ. ಇಷ್ಟರಾಗ ಮಗನ ಮದವಿ ಆಗ್ತದ, ನೌಕರಿ ಪುಣೆಗೋ ಬೆಂಗಳೂರಿಗೋ ಹೋಗ್ತದ. ಟ್ಯಾಂಕ್ ಎಲ್ಲಿ ಉಳೀತದ? ಅವ್ವನ ಪಡಸಾಲ್ಯಾಗ. ನಾಯಿ ತರೋ ಮುಂದನೂ ಹಿಂಗ, ಗಿಡಾ ತರೋ ಮುಂದನೂ ಹಿಂಗ, ಹೌಸು ಅವರದು, ದುಡಿಮಿ ನಮ್ಮದು. ಬ್ಯಾಸರಾತು ಅಂತ ಕೆರಿಗೋ ಸಮುದ್ರಕ್ಕೋ ಬಿಡೋಹಂಗೂ ಇಲ್ಲ. ಅಮೇರಿಕಾದ ಫ್ಲೋರಿಡಾ ಕಡೆ ಯಾರೋ ಹಿಂಗ ಅಕ್ವೇರಿಯಂನಿಂದ ಬಿಟ್ಟ ಲಯನ್ ಮೀನು ಬೆಳದು ಅಲ್ಲಿನ ಸಮುದ್ರದ ಮೀನೆಲ್ಲಾ ತಿನ್ನಲಿಕ್ಹತ್ತಾವ ಅಂತ ತಿಳದವರು ಹೇಳ್ತಾರ.

ಅದಕ್ಕ ನಿಮ್ಮ ಮನಿ ಹುಡುಗ್ರು ಕೇಳಿದ್ರ ಬ್ಯಾಡ ಅನ್ನಬ್ಯಾಡ್ರಿ, ಹೂಂ ಅಂತನೂ ಅನ್ನಬ್ಯಾಡ್ರಿ. "ಆರು ವಾರ ಬರೇ ನೀರು ನಡಸಿ ತೋರ್ಸು. ದಿನಾ ಸಿಹಿನೀರು ಹಾಕು, ವಾರಾ ಲೆಕ್ಕಾ ಬರೀ" ಅನ್ರಿ. ಮೂರನೇ ವಾರಕ್ಕ ಲೆಕ್ಕದ ಹಾಳಿ ಖಾಲಿ ಬಿದ್ರ ಟ್ಯಾಂಕ್ ಮಾರಿಬಿಡ್ರಿ, ಒಂದೂ ಜೀವಾ ಹೋಗಿರಂಗಿಲ್ಲ. ಆರು ವಾರ ಪೂರಾ ಬರದ್ರ ಎರಡು ಮೀನು ತರ್ಲಿ. ಟೆಸ್ಟ್ ಕಿಟ್ ನೋಡೋದು ಹೆಂಗ ಅಂತ ತಿಳೀದಿದ್ರ ಸಂಜೀಮುಂದ ನಮ್ಮನಿಗೆ ಬರ್ರಿ, ಹಾಲಿನ ಪುಸ್ತಕ ತೋರಸ್ತೀನಿ, ಚಹಾನೂ ಆಗ್ತದ.