ಗಾಯ ಮಾಯಿತು, ಗಂಟು ಬೆಳೆಯಿತು

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಸಭಾಗೃಹದಲ್ಲಿ ನಾಡಗೀತೆ ಹಾಡಲು ನಿಂತ ಹುಡುಗಿಯರ ಸಾಲಿನಲ್ಲಿ ಒಬ್ಬಳ ಕಡೆಗೆ ನಮ್ಮ ಗಮನ ಹೋಯಿತು. ಉಳಿದವರೆಲ್ಲ ಜಡೆ ಹೆಣೆದು ಹೂ ಮುಡಿದಿದ್ದರೆ ಇವಳು ಮಾತ್ರ ಕೂದಲನ್ನು ಎರಡೂ ಕೆನ್ನೆಗಳ ಮೇಲೆ ಇಳಿಬಿಟ್ಟಿದ್ದಳು. ಈಗಿನ ಫ್ಯಾಷನ್ ಇರಬೇಕೆಂದು ನಾವು ಸುಮ್ಮನಾದೆವು. ಉಪಾಹಾರದ ಹೊತ್ತಿಗೆ ಅವಳ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು ನಿಜ ಸಂಗತಿ ತಿಳಿಸಿದರು. ಅವರು ಹುಬ್ಬಳ್ಳಿಯ ಕಡೆಯವರು. ಮಗಳಿಗೆ ಹದಿನೇಳು ವರ್ಷ. ಎರಡು ವರ್ಷದ ಕೆಳಗೆ ಗೆಳತಿಯರ ಜೊತೆ ಹೋಗಿ ಒಂದು ಅಂಗಡಿಯಲ್ಲಿ ಕಿವಿಗೆ ಎರಡನೆಯ ತೂತು ಹಾಕಿಸಿಕೊಂಡು ಬಂದಳು. ತೂತು ಮಾಯಿತು. ನಾಲ್ಕು ತಿಂಗಳಾದ ಮೇಲೆ ಅಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿಕೊಂಡಿತು. ಅದು ಗೋಲಿಯಷ್ಟಾದಾಗ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಕೊಯ್ಸಿ ತೆಗೆಸಿದರು. ಹತ್ತು ನಿಮಿಷದ ಕೆಲಸ, ಎರಡು ಹೊಲಿಗೆ. ಮುಂದೆ ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಲಿಲ್ಲ. ಎಂಟು ತಿಂಗಳೊಳಗೆ ಗಂಟು ಮೊದಲಿನ ಎರಡರಷ್ಟಾಗಿ ಮರಳಿ ಬಂತು.

“ಕೊಯ್ಸಿದ್ದೇ ತಪ್ಪಾತೇನ್ರೀ? ಚಾಕು ಮುಟ್ಟಿದ್ದಕ್ಕ ಸಿಟ್ಟಿಗೆದ್ದಂಗ ಬೆಳೀತ್ರೀ” ಎಂದರು ಆ ತಾಯಿ. ಮನೆಯಲ್ಲಿ ಅಜ್ಜಿ ಇದು ಕ್ಯಾನ್ಸರ್ ಇರಬಹುದೆಂದು ಮೆಲ್ಲಗೆ ಅಳುತ್ತಿದ್ದಾರಂತೆ. ಹುಡುಗಿಯೋ, ಕಾಲೇಜಿನಲ್ಲಿ ಬಲಗಡೆಯ ಬೆಂಚು ಬಿಟ್ಟು ಬೇರೆಲ್ಲೂ ಕೂಡುವುದಿಲ್ಲವಂತೆ. ಬಲಗಿವಿ ಗೋಡೆಯ ಕಡೆಗಿರಬೇಕು, ಅಷ್ಟೆ.

ಈ ಅಂಕಣ ಬರೆಯುವ ನಾವು ವೈದ್ಯರಲ್ಲ. ಆದರೆ ಅಂದಿನಿಂದ ಬಲ್ಲ ಚರ್ಮವೈದ್ಯರನ್ನು ಕೇಳಿ, ಓದಿ, ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡೋಣ. ಕೊಯ್ಸಿದ್ದು ತಪ್ಪಲ್ಲ, ಕೊಯ್ಸಿ ಅಷ್ಟಕ್ಕೇ ಬಿಟ್ಟದ್ದು ತಪ್ಪು.

ನಮ್ಮ ಜನ ಇದನ್ನು ದುರ್ಮಾಂಸವೆನ್ನುತ್ತಾರೆ. ವೈದ್ಯರು ಕೀಲಾಯ್ಡ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಚರ್ಮವೈದ್ಯ ಅಲಿಬೇರ್ ಎಂಬಾತ ಇದಕ್ಕೆ ಮೊದಲು ಕ್ಯಾನ್ಸರನ್ನು ನೆನಪಿಗೆ ತರುವ ಒಂದು ಹೆಸರನ್ನು ಇಟ್ಟಿದ್ದ. ಆಮೇಲೆ ಜನ ಗಾಬರಿಪಡಬಾರದೆಂದು ಆ ಹೆಸರನ್ನು ಕೈಬಿಟ್ಟು, ಏಡಿಯ ಇಕ್ಕುಳಗಾಲು ಎಂಬ ಅರ್ಥದ ಗ್ರೀಕ್ ಮಾತಿನಿಂದ ಈ ಹೊಸ ಹೆಸರನ್ನು ಕಟ್ಟಿದ. ಅಜ್ಜಿಯ ಭಯ ಆ ದೊಡ್ಡ ವೈದ್ಯನಿಗೂ ಒಮ್ಮೆ ಎದುರಾಗಿತ್ತೆಂದು ನಾವು ಆ ಮನೆಗೆ ಹೇಳಿ ಕಳುಹಿಸಿದೆವು. ಕೀಲಾಯ್ಡ್ ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ.

ಹಾಗಾದರೆ ಇದೇನು? ಚರ್ಮಕ್ಕೆ ಗಾಯವಾದಾಗ ದೇಹವು ಕೊಲಾಜೆನ್ ಎಂಬ ನಾರನ್ನು ತಯಾರಿಸಿ ಬಿರುಕನ್ನು ಮುಚ್ಚುತ್ತದೆ. ಬಿರುಕು ಮುಚ್ಚಿದೊಡನೆ ಆ ಕೆಲಸ ನಿಲ್ಲಬೇಕು. ಕೆಲವರ ಚರ್ಮದಲ್ಲಿ ಅದು ನಿಲ್ಲುವುದಿಲ್ಲ. ಸೀರೆ ಮುಗಿದರೂ ನೇಕಾರನು ಮಗ್ಗ ಬಿಟ್ಟು ಏಳದೆ ನೇಯುತ್ತಲೇ ಹೋದಂತೆ ನಾರಿನ ಮೇಲೆ ನಾರು ಕೂಡುತ್ತದೆ. ಗಂಟು ಗಟ್ಟಿಯಾಗಿ, ನುಣುಪಾಗಿ, ಕೆಂಪಾಗಿಯೋ ಕಪ್ಪಾಗಿಯೋ ಬೆಳೆಯುತ್ತದೆ. ತುರಿಕೆ ಉಂಟು, ಕೆಲವೊಮ್ಮೆ ಚುಚ್ಚಿದಂತೆ ನೋವೂ ಉಂಟು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದವರನ್ನು ನಾವು ಬಲ್ಲೆವು.

ಉಬ್ಬಿದ ಕಲೆಗಳೆಲ್ಲ ಕೀಲಾಯ್ಡ್ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಹೊಲಿಗೆ ಹಾಕಿದ ಜಾಗ ಒಂದೆರಡು ತಿಂಗಳಲ್ಲಿ ದಪ್ಪವಾಗಿ ಉಬ್ಬುವುದು ಸಾಮಾನ್ಯ. ಅದು ಗಾಯದ ಎಲ್ಲೆಯೊಳಗೇ ಇರುತ್ತದೆ, ವರ್ಷ ಒಪ್ಪೊತ್ತಿನಲ್ಲಿ ತಾನಾಗಿಯೇ ತಗ್ಗುವುದೂ ಉಂಟು. ಕೀಲಾಯ್ಡ್ ಹಾಗಲ್ಲ. ಅದು ಗಾಯದ ಗಡಿ ದಾಟಿ ಪಕ್ಕದ ಒಳ್ಳೆಯ ಚರ್ಮದೊಳಕ್ಕೆ ಕಾಲು ಚಾಚುತ್ತದೆ. ಗಾಯವಾಗಿ ಹಲವು ತಿಂಗಳು ಕಳೆದ ಮೇಲೆ, ಒಮ್ಮೊಮ್ಮೆ ವರ್ಷ ಕಳೆದ ಮೇಲೆ, ಹುಟ್ಟಬಹುದು. ತಾನಾಗಿ ಹೋಗುವುದಿಲ್ಲ. ಮೂಗು ಚುಚ್ಚಿಸಿದ ಕೆಲವು ವಾರಗಳಲ್ಲೇ ಮೂಗುಬೊಟ್ಟಿನ ಬುಡದಲ್ಲಿ ಕಾಣುವ ಕೆಂಪು ಗುಳ್ಳೆ ಬಹುಮಟ್ಟಿಗೆ ಕೀಲಾಯ್ಡ್ ಆಗಿರುವುದಿಲ್ಲ. ಅದು ಉಜ್ಜಾಟದಿಂದಲೋ ನಂಜಿನಿಂದಲೋ ಬಂದದ್ದು, ಆರೈಕೆ ಮಾಡಿದರೆ ಇಳಿಯುತ್ತದೆ. ಅಂಥದ್ದನ್ನು ಕಂಡು ಮನೆಯವರೆಲ್ಲ ಎದೆಗುಂದಬೇಕಾಗಿಲ್ಲ.

ಈ ಸ್ವಭಾವದ ಚರ್ಮ ವಂಶದಲ್ಲಿ ಇಳಿದು ಬರುವುದುಂಟು. ಕಪ್ಪು, ಎಣ್ಣೆಗಪ್ಪು ಮೈಬಣ್ಣದವರಲ್ಲಿ ಹೆಚ್ಚು. ಹತ್ತರಿಂದ ಮೂವತ್ತು ವರ್ಷದೊಳಗೆ ಹೆಚ್ಚು. ಮೈಯಲ್ಲಿ ಅದಕ್ಕೆ ಪ್ರಿಯವಾದ ಸ್ಥಳಗಳೂ ಇವೆ: ಕಿವಿಯ ಹಾಲೆ, ಎದೆಯ ನಡುಮೂಳೆಯ ಮೇಲಿನ ಚರ್ಮ, ಭುಜ, ತೋಳಿನ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು. ರೆಪ್ಪೆ, ಅಂಗೈ, ಅಂಗಾಲುಗಳಲ್ಲಿ ಬಹು ವಿರಳ. ಕಾರಣವಾಗಲು ದೊಡ್ಡ ಗಾಯವೇ ಬೇಕೆಂದಿಲ್ಲ. ಎದೆಯ ಮೇಲಿನ ಮೊಡವೆ, ಸೀತಾಳೆ ಸಿಡುಬಿನ ಗುಳ್ಳೆ, ಸುಟ್ಟ ಗಾಯ, ಹಚ್ಚೆ, ತೋಳಿಗೆ ಹಾಕಿದ ಬಿ.ಸಿ.ಜಿ. ಚುಚ್ಚುಮದ್ದು, ಯಾವುದೂ ಸಾಕು. ಹಾಗೆಂದು ಹಸುಗೂಸಿಗೆ ಬಿ.ಸಿ.ಜಿ. ಬೇಡವೆನ್ನುವ ದಡ್ಡತನಕ್ಕೆ ಯಾರೂ ಹೋಗಬಾರದು. ಕ್ಷಯ ಮಗುವಿನ ಮಿದುಳಿಗೇರುವುದಕ್ಕಿಂತ ತೋಳಿನ ಕಲೆ ಸಾವಿರ ಪಾಲು ಮೇಲು.

ಕಿವಿ ಚುಚ್ಚುವ ಮಾತಿಗೆ ಬರೋಣ. ನಮ್ಮಲ್ಲಿ ಕೂಸಿಗೆ ವರ್ಷ ತುಂಬುವುದರೊಳಗೆ ಅಕ್ಕಸಾಲಿಗನನ್ನು ಮನೆಗೆ ಕರೆಸಿ, ಸೋದರಮಾವನ ತೊಡೆಯ ಮೇಲೆ ಕೂಡಿಸಿ, ಬಾಯಿಗೆ ಬೆಲ್ಲವಿಟ್ಟು ಚುಚ್ಚಿಸುವ ವಾಡಿಕೆ. ಸುಶ್ರುತಸಂಹಿತೆಯಲ್ಲಿ ಆರನೆಯ ಅಥವಾ ಏಳನೆಯ ತಿಂಗಳೆಂದು ಹೇಳಿದೆ. ಈ ಶತಮಾನದಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ನೋಡಿದಾಗ, ಕೀಲಾಯ್ಡಿನ ಸ್ವಭಾವವಿರುವ ಮನೆತನಗಳಲ್ಲಿ ಹನ್ನೊಂದು ವರ್ಷ ದಾಟಿದ ಮೇಲೆ ಕಿವಿ ಚುಚ್ಚಿಸಿಕೊಂಡವರಿಗೆ ಗಂಟು ಬರುವುದು ಬಹಳ ಹೆಚ್ಚು, ಅದಕ್ಕೆ ಮೊದಲು ಚುಚ್ಚಿಸಿಕೊಂಡವರಲ್ಲಿ ಕಡಿಮೆ ಎಂದು ಕಂಡಿತು. ನಮ್ಮ ಹಿರಿಯರು ಕೀಲಾಯ್ಡನ್ನು ಎಣಿಸಿ ಈ ಶಾಸ್ತ್ರ ಮಾಡಿದರೆಂದು ನಾವು ಹೇಳುವುದಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆನ್ನುವ ಚಟ ನಮಗಿಲ್ಲ. ಆದರೆ ಹೇಗೋ ಈ ವಾಡಿಕೆ ಹೆಣ್ಣುಮಕ್ಕಳಿಗೆ ಉಪಕಾರವನ್ನೇ ಮಾಡಿದೆ. ಕಷ್ಟ ಬಂದಿರುವುದು ಹದಿಹರೆಯದ ಎರಡನೆಯ, ಮೂರನೆಯ ತೂತುಗಳಿಂದ. ಕೂಸಾಗಿದ್ದಾಗ ಮಾಡಿಸಿದ ತೂತು ಚೆನ್ನಾಗಿ ಮಾಯಿತಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ತಂದೆ, ತಾಯಿ, ಅತ್ತೆ, ಚಿಕ್ಕಪ್ಪ, ಯಾರ ಮೈಮೇಲಾದರೂ ಇಂಥ ಗಂಟು ಇದ್ದರೆ ಆ ಮನೆಯ ಮಗಳು ಹೊಸ ತೂತಿನ ಆಸೆ ಬಿಡುವುದು ಲೇಸು. ಮಗನು ಹಚ್ಚೆಯ ಆಸೆಯನ್ನೂ ಸಹ.

ಅನಾವಶ್ಯಕ ಗಾಯವನ್ನು ಬಿಡಬಹುದು, ಆವಶ್ಯಕವಾದುದನ್ನು ಬಿಡಲಾಗದು. ಹೆರಿಗೆಯ ಶಸ್ತ್ರಕ್ರಿಯೆಯೋ ಹೃದಯದ ಶಸ್ತ್ರಕ್ರಿಯೆಯೋ ಬೇಕೆಂದಾಗ ಕಲೆಯ ಹೆದರಿಕೆಯಿಂದ ಮುಂದೂಡುವುದು ಅವಿವೇಕ. ಆದರೆ ಶಸ್ತ್ರವೈದ್ಯರಿಗೆ ಮುಂಚಿತವಾಗಿ ಒಂದು ಮಾತು ಹೇಳಬೇಕು: “ನಮ್ಮ ಮನೆಯಲ್ಲಿ ಈ ಗಂಟಿನ ಸ್ವಭಾವ ಉಂಟು.” ಚರ್ಮ ಎಳೆದಷ್ಟೂ ಗಂಟು ಬೆಳೆಯುವುದರಿಂದ, ಎಳೆತ ಬೀಳದಂತೆ ಹೊಲಿಯಲು ಅವರು ಜಾಗ್ರತೆ ವಹಿಸುತ್ತಾರೆ. ಗಾಯ ಕೀವಾಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಹಾಳೆ ಅಥವಾ ಸಿಲಿಕೋನ್ ಜೆಲ್ ಹಚ್ಚುವುದು ಈಗ ರೂಢಿಯಲ್ಲಿರುವ ಸುಲಭ ಉಪಾಯ. ಹಸಿ ಗಾಯದ ಮೇಲೆ ಇದನ್ನು ಹಾಕಬಾರದು. ಹಾಳೆಯನ್ನು ದಿನಕ್ಕೆ ಕನಿಷ್ಠ ಹನ್ನೆರಡು ಗಂಟೆಯಂತೆ ಎರಡು ಮೂರು ತಿಂಗಳಾದರೂ ಇಟ್ಟುಕೊಳ್ಳಬೇಕು; ಸೋಪಿನ ನೀರಲ್ಲಿ ತೊಳೆದು ಮತ್ತೆ ಬಳಸಬಹುದು. ಮುಂಬಯಿ, ಚೆನ್ನೈಗಳ ಬೆವರಿನಲ್ಲಿ ಹಾಳೆಯ ಕೆಳಗೆ ಬೆವರುಸಾಲೆ ಏಳುವುದುಂಟು. ಆಗ ತೆಗೆದು, ಚರ್ಮ ಒಣಗಿಸಿ, ಕೆಲವೇ ಗಂಟೆಗಳಿಂದ ಪ್ರಾರಂಭಿಸಿ ಕ್ರಮೇಣ ಹೆಚ್ಚಿಸಬೇಕು.

ಇನ್ನು ಗಂಟು ಬಂದೇ ಬಿಟ್ಟವರ ಮಾತು. ಚಿಕ್ಕದಿದ್ದಾಗ ಹೋದಷ್ಟೂ ಕೆಲಸ ಹಗುರ. ಚರ್ಮವೈದ್ಯರು ಸಾಮಾನ್ಯವಾಗಿ ಮೊದಲು ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್ ಔಷಧವನ್ನು ಗಂಟಿನೊಳಕ್ಕೇ ಚುಚ್ಚುತ್ತಾರೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ನೋವು ಉಂಟು, ಸುಳ್ಳು ಹೇಳಬಾರದು. ಗಟ್ಟಿ ಗಂಟಿಗೆ ಸೂಜಿ ಇಳಿಯುವುದೇ ಕಷ್ಟ. ಆದರೆ ಮೊದಲು ತುರಿಕೆ ನಿಲ್ಲುತ್ತದೆ, ಆಮೇಲೆ ಗಂಟು ಮೆತ್ತಗಾಗಿ ತಗ್ಗುತ್ತದೆ. ಸುತ್ತಲಿನ ಚರ್ಮ ತೆಳ್ಳಗಾಗುವುದು, ಬಿಳಿಚಿಕೊಳ್ಳುವುದು ಇದರ ಅಡ್ಡ ಪರಿಣಾಮಗಳು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ತಿಳಿಸಬೇಕು. ಗರ್ಭಿಣಿಯರೂ ತಿಳಿಸಬೇಕು. ದ್ರವರೂಪದ ನೈಟ್ರೋಜನ್ನಿನಿಂದ ಗಂಟನ್ನು ಹೆಪ್ಪುಗಟ್ಟಿಸುವ ವಿಧಾನವೂ ಇದೆ. ನಮ್ಮ ಮೈಬಣ್ಣದವರಿಗೆ ಅಲ್ಲಿ ಬಿಳಿ ಮಚ್ಚೆ ಉಳಿಯುವ ಸಂಭವವಿರುವುದರಿಂದ ಕೇಳಿ ತಿಳಿದು ಮಾಡಿಸಬೇಕು. ಲೇಸರ್ ಕಿರಣ, 5-ಫ್ಲೋರೋಯುರಾಸಿಲ್ ಎಂಬ ಇನ್ನೊಂದು ಚುಚ್ಚುಮದ್ದು, ಇವೂ ಉಂಟು.

ಶಸ್ತ್ರಕ್ರಿಯೆ ಕೊನೆಗೆ. ಬರೀ ಕೊಯ್ದು ಬಿಟ್ಟರೆ ನೂರರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ, ಕೆಲವು ಲೆಕ್ಕಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ, ಗಂಟು ಮರಳುತ್ತದೆ. ಕೊಯ್ಲೂ ಒಂದು ಗಾಯವೇ ಅಲ್ಲವೆ! ಆದ್ದರಿಂದ ಬಲ್ಲವರು ಕೊಯ್ದ ಜಾಗಕ್ಕೆ ಔಷಧ ಚುಚ್ಚುತ್ತಾರೆ, ಕೆಲವರಿಗೆ ಒಂದೆರಡು ದಿನದೊಳಗೆ ಅಳತೆಯ ಕ್ಷಕಿರಣ ಕೊಡಿಸುತ್ತಾರೆ. ಕಿವಿಯಾದರೆ ಎರಡು ಕಡೆಯಿಂದ ಒತ್ತುವ ಕ್ಲಿಪ್ಪಿನಂಥ ಓಲೆಯನ್ನು ಆರು ತಿಂಗಳಾದರೂ ಧರಿಸಲು ಹೇಳುತ್ತಾರೆ. ಕೊಯ್ಯುವ ಮೊದಲೇ “ಆಮೇಲೆ ಏನು ಮಾಡುತ್ತೀರಿ?” ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ.

ಮನೆಮದ್ದಿನ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಅರಿಸಿನ ಹಚ್ಚಿದವರಿಗೆ ನಷ್ಟವಿಲ್ಲ, ಲಾಭವೂ ಇಲ್ಲ. ಈರುಳ್ಳಿ ಸತ್ವದ ಮುಲಾಮಿಗೆ ಬೆಲೆ ಹೆಚ್ಚು, ಆಧಾರ ಕಡಿಮೆ. ಸುಣ್ಣ ಹಚ್ಚುವುದು, ಕರಾವಳಿಯ ಕೆಲವು ಮನೆಗಳಲ್ಲಿ ಗೇರುಸಿಪ್ಪೆಯ ಎಣ್ಣೆ ಮುಟ್ಟಿಸುವುದು ಮಾತ್ರ ಅಪಾಯ. ಗೇರೆಣ್ಣೆ ಚರ್ಮವನ್ನು ಸುಡುತ್ತದೆ, ಸುಟ್ಟ ಜಾಗವೆಲ್ಲ ಹೊಸ ಗಂಟಿಗೆ ಹೊಲವಾಗುತ್ತದೆ. ಹಾಗೆಯೇ, ಇಷ್ಟೆಲ್ಲ ಚಿಕಿತ್ಸೆ ಮಾಡಿಸಿದರೂ ಚರ್ಮ ಹುಟ್ಟಿದಾಗಿನಂತೆ ಆದೀತೆಂದು ಆಸೆ ಇಟ್ಟುಕೊಳ್ಳಬಾರದು. ಗಂಟು ಚಪ್ಪಟೆಯಾಗಿ, ತುರಿಕೆ ನಿಂತರೆ ಗೆದ್ದಂತೆಯೇ. ಒಂದು ಕಲೆ ಉಳಿದೀತು.

ನಮ್ಮಂಥ ಪರಊರಿನ ಸಂಸಾರಗಳಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ಚಿಕಿತ್ಸೆ ತಿಂಗಳುಗಟ್ಟಲೆಯದು; ನಮಗೋ ವರ್ಗಾವಣೆ, ಬೇಸಿಗೆಯಲ್ಲಿ ಊರು, ಮದುವೆ, ಜಾತ್ರೆ. ಮೂರು ಚುಚ್ಚುಮದ್ದು ಪುಣೆಯಲ್ಲಿ, ಆಮೇಲೆ ಐದು ತಿಂಗಳು ಏನೂ ಇಲ್ಲ, ಮತ್ತೆ ಹೈದರಾಬಾದಿನಲ್ಲಿ ಮೊದಲಿನಿಂದ. ಹೀಗಾದರೆ ಯಾವ ಔಷಧ ನಾಟೀತು? ಔಷಧದ ಹೆಸರು, ಎಷ್ಟು ತೀಕ್ಷ್ಣ, ಯಾವ ಯಾವ ತಾರೀಖು ಎಂಬುದನ್ನು ವೈದ್ಯರ ಕೈಯಲ್ಲೇ ಬರೆಸಿ ಇಟ್ಟುಕೊಳ್ಳಿ. ಫೋಟೋ ತೆಗೆದು ಅದರ ಜೊತೆಗಿಡಿ. ಖರ್ಚಿನ ಅಳುಕಿದ್ದವರು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮವಿಭಾಗಕ್ಕೆ ಹೋಗಬಹುದು: ಮುಂಬಯಿಯಲ್ಲಿ ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳು, ಪುಣೆಯಲ್ಲಿ ಸಸೂನ್, ಹೈದರಾಬಾದಿನಲ್ಲಿ ಉಸ್ಮಾನಿಯಾ, ದೆಹಲಿಯಲ್ಲಿ ಸಫ್ದರ್‌ಜಂಗ್. ಸಾಲು ಉದ್ದ, ಬೆಳಗ್ಗೆ ಬೇಗ ಹೋಗಬೇಕು. ಡಬ್ಬಿಯಲ್ಲಿ ಅವಲಕ್ಕಿ ಇಟ್ಟುಕೊಂಡು ಹೋದರೆ ಉತ್ತಮ.

ಹುಬ್ಬಳ್ಳಿಯ ಆ ತಾಯಿ ಮಗಳನ್ನು ಅಂಥ ಒಂದು ಆಸ್ಪತ್ರೆಗೆ ಕರೆದೊಯ್ದರು. ಮೂರು ಚುಚ್ಚುಮದ್ದಾಗಿವೆ. ಗಂಟು ಇನ್ನೂ ಇದೆ, ಆದರೆ ಮೆತ್ತಗಾಗಿದೆ. ರಾತ್ರಿಯ ತುರಿಕೆ ಹೋಗಿದೆ. ಉಳಿದದ್ದನ್ನು ಮುಂದೆ ಕೊಯ್ದು ತೆಗೆಯುವುದೋ ಬೇಡವೋ ಎಂಬುದನ್ನು ಇನ್ನೆರಡು ಸಲ ನೋಡಿ ಹೇಳುತ್ತಾರಂತೆ. ಮನೆಯಲ್ಲಿ ವಿಚಾರಿಸುತ್ತ ಹೋದಾಗ, ಹುಡುಗಿಯ ಸೋದರತ್ತೆಯ ಎದೆಯ ಮೇಲೂ ಇಂಥದೇ ಗಂಟು ಇದೆಯೆಂಬುದು ಹೊರಬಿತ್ತು. ಇಪ್ಪತ್ತು ವರ್ಷದಿಂದ ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಇದ್ದರಂತೆ. ಅವರೂ ಈಗ ತೋರಿಸಿಕೊಳ್ಳಲು ಒಪ್ಪಿದ್ದಾರೆ. ಹುಡುಗಿಯ ಮುಂದಿನ ಚುಚ್ಚುಮದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಊರಿಗೆ ಹೋಗುವ ರೈಲಿನ ಟಿಕೇಟನ್ನು ಈ ಸಲ ಅದರ ಮರುದಿನಕ್ಕೆ ಮಾಡಿಸಿದ್ದಾರೆ.