ಹಿತ್ತಿಲ ಮಾತು: ಮಾಗಿಗೆ ಮುನ್ನ ಸೊಪ್ಪು

ದಿಲ್ಲಿಗೆ ಬಂದ ಮೊದಲ ವರ್ಷ, ಊರಿನಿಂದ ತಂದ ಹರಿವೆ ಬೀಜವನ್ನು ನಾವು ಡಿಸೆಂಬರಿನಲ್ಲಿ, ಕಚೇರಿಗೆ ರಜೆ ಸಿಕ್ಕಿತೆಂದು, ಕ್ವಾರ್ಟರ್ಸಿನ ಅಂಗಳದಲ್ಲಿ ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಬೀಜವೇ ಕೆಟ್ಟಿತ್ತೇನೋ ಎಂದು ಅಮ್ಮ ಊರಿನಲ್ಲಿ ನೊಂದುಕೊಂಡರು. ಅವರೇ ಒಣಗಿಸಿ ಕಟ್ಟಿಕೊಟ್ಟದ್ದು. ತಪ್ಪು ಬೀಜದ್ದಲ್ಲ, ನಮ್ಮದು. ಹರಿವೆಗೆ ಮಣ್ಣು ಬೆಚ್ಚಗಿರಬೇಕು. ಇಲ್ಲಿ ಅದಕ್ಕೆ ಮಾರ್ಚ್ ಬರಬೇಕು.

ಮೆಂತ್ಯ, ಪಾಲಕ್, ಸಬ್ಬಸಿಗೆ ಚಳಿ ತಾಳುತ್ತವೆ ನಿಜ. ಆದರೆ ಅವನ್ನೂ ಅಕ್ಟೋಬರಿನಲ್ಲೇ, ದಸರೆಯ ಆಸುಪಾಸಿನಲ್ಲಿ, ಬಿತ್ತುವುದು ಲೇಸು. ಡಿಸೆಂಬರ್ ಕೊನೆಗೆ ಹಗಲು ಕುಗ್ಗಿ, ರಾತ್ರಿ 5 ಡಿಗ್ರಿಗೆ ಇಳಿದಾಗ ಎಳೆಯ ಸಸಿ ಬೆಳೆಯುವುದೇ ಇಲ್ಲವೆನ್ನಬೇಕು. ಮೊದಲೇ ಬಲಿತ ಗಿಡವಾದರೆ ಆಗಾಗ ಚಿವುಟಿಕೊಳ್ಳಬಹುದು.

ಹರಿವೆ ಬೀಜ ಒಂದು ಚಿಟಿಕೆ ಉಳಿದಿತ್ತು. ಹೋಳಿಯಾದ ಮೇಲೆ ಹಾಕಿದೆವು. ವಾರದೊಳಗೆ ಕೆಂಪು ಮೊಳಕೆ! ಅಂದೇ ಅಮ್ಮನಿಗೆ ತಿಳಿಸಿದೆವು.